ಮರಿ ದೊಡ್ಡದಾದ ಮೇಲೆ ಯಾವ ಬಣ್ಣ, ಎಷ್ಟು ಕೂದಲು: ನಾನು ನೋಡುವ ರೀತಿ

ಮೂಡಿಗೆರೆ ಕಡೆ ತೋಟದ ಮನೆಗಳಲ್ಲಿ ಬೆಕ್ಕು ಇಲ್ಲದಿದ್ದರೆ ಗೋಡೌನಿನಲ್ಲಿ ಇಲಿಗಳದ್ದೇ ರಾಜ್ಯ. ಹಾಗಾಗಿ ಮರಿ ಕೇಳಿಕೊಂಡು ಬರುವವರು ವರ್ಷವಿಡೀ ಇರುತ್ತಾರೆ. ನಮ್ಮ ಮನೆಯಲ್ಲಿ ಹುಟ್ಟಿದವನ್ನೂ, ಯಾರೋ ರಸ್ತೆ ಬದಿ ಬಿಟ್ಟು ಹೋದವನ್ನೂ ಸಾಕಿ, ಒಳ್ಳೆಯ ಮನೆ ನೋಡಿ ಕೊಡುತ್ತಾ ಬಂದಿದ್ದೇನೆ. ಬಂದವರೆಲ್ಲ ಕೇಳುವುದು ಒಂದೇ: "ಅಕ್ಕ, ಇದು ದೊಡ್ಡದಾದ ಮೇಲೂ ಹೀಗೇ ಇರತ್ತಾ?"

ಇದಕ್ಕೆ ಸುಮ್ನೆ ಹೂಂ ಅನ್ನಬಾರದು. ಪರ್ಷಿಯನ್ ಥರ ಉದ್ದ ಕೂದಲು ಬರುತ್ತದೆ ಅಂತ ಆಸೆ ಪಟ್ಟು ಒಯ್ದವರು, ಅದು ಬರಲಿಲ್ಲ ಅಂತ ಬೆಕ್ಕನ್ನೇ ಬಸ್ ಸ್ಟ್ಯಾಂಡ್ ಹತ್ತಿರ ಬಿಟ್ಟು ಹೋದದ್ದನ್ನು ಕಂಡಿದ್ದೇನೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ಕೊಡುವ ಮೊದಲು ಮರಿಯನ್ನು ಚೆನ್ನಾಗಿ ನೋಡಿ, ಗೊತ್ತಾಗುವಷ್ಟನ್ನು ಬಿಡಿಸಿ ಹೇಳುತ್ತೇನೆ.

ಎಂಟು ವಾರ ತುಂಬುವವರೆಗೆ ಕೂದಲಿನ ಉದ್ದದ ಬಗ್ಗೆ ನಾನು ಮಾತೇ ಆಡುವುದಿಲ್ಲ. ಒಂದು ತಿಂಗಳಿನ ಮರಿಗಳು ಎಲ್ಲವೂ ಉಬ್ಬಿಕೊಂಡೇ ಇರುತ್ತವೆ. ಅದು ಮರಿಗೂದಲು. ನಾಲ್ಕೈದು ತಿಂಗಳ ಹೊತ್ತಿಗೆ ಅದು ಹೋಗಿ ದೊಡ್ಡ ಬೆಕ್ಕಿನ ಕೂದಲು ಬರತೊಡಗುತ್ತದೆ. ಎಂಟು ವಾರದ ಮರಿಯನ್ನು ಮಡಿಲಲ್ಲಿ ಅಂಗಾತ ಮಲಗಿಸಿಕೊಂಡು ಮೊದಲು ಕಾಲಿನ ಅಡಿ ನೋಡುತ್ತೇನೆ. ಅಂಗಾಲಿನ ಮೆತ್ತೆಗಳ ನಡುವಿಂದ ಕೂದಲು ಕುಚ್ಚಾಗಿ ಹೊರಗೆ ಚಾಚಿದೆಯಾ? ಕಿವಿಯ ಒಳಗಿನ ಕೂದಲು ಅಂಚು ದಾಟಿ ಬಂದಿದೆಯಾ? ಬಾಲ ಬುಡದಿಂದ ತುದಿಗೆ ಸಣ್ಣಗಾಗುತ್ತಾ ಹೋಗಿದೆಯಾ, ಇಲ್ಲಾ ಇಡೀ ಬಾಲ ಹರಡಿಕೊಂಡಿದೆಯಾ? ಹಿಂತೊಡೆಯ ಹಿಂಭಾಗ, ಹೊಟ್ಟೆ, ಕುತ್ತಿಗೆ ಸುತ್ತ ಬೆನ್ನಿಗಿಂತ ಉದ್ದ ಇದ್ದರೆ ಉದ್ದ ಕೂದಲಿನ ಬೆಕ್ಕು ಅಂತಲೇ ಹೇಳಬಹುದು. ಬೆನ್ನು ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ.

"ತಾಯಿಗೆ ಗಿಡ್ಡ ಕೂದಲು, ಮರಿಗೆ ಹೇಗೆ ಉದ್ದ ಬಂತು" ಅಂತ ಕೇಳುತ್ತಾರೆ. ಕೂದಲು ಬೆಳೆಯುವುದನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವುದು ಎಫ್‌ಜಿಎಫ್5 ಅನ್ನುವ ಜೀನ್. ಅದು ಕೆಟ್ಟರೆ ಕೂದಲು ಇನ್ನೂ ಹೆಚ್ಚು ದಿನ ಬೆಳೆದು ಉದ್ದವಾಗುತ್ತದೆ. ಆದರೆ ಅಪ್ಪನಿಂದ ಬಂದದ್ದೂ ಅಮ್ಮನಿಂದ ಬಂದದ್ದೂ ಎರಡೂ ಕೆಟ್ಟಿರಬೇಕು. ಒಂದು ಸರಿಯಿದ್ದರೂ ಗಿಡ್ಡವೇ. ಗಿಡ್ಡ ಕೂದಲಿನ ಅಪ್ಪ ಅಮ್ಮ ಇಬ್ಬರೂ ಕೆಟ್ಟದ್ದೊಂದನ್ನು ಒಳಗೆ ಇಟ್ಟುಕೊಂಡಿದ್ದರೆ ಸರಾಸರಿ ನಾಲ್ಕು ಮರಿಗೆ ಒಂದು ಉದ್ದ ಕೂದಲಿನದು ಹುಟ್ಟುತ್ತದೆ. ಇಬ್ಬರಿಗೂ ಉದ್ದ ಕೂದಲಿದ್ದರೆ ಮರಿಗಳೆಲ್ಲ ಉದ್ದವೇ. ಹಾಗಂತ ಉದ್ದ ಕೂದಲು ಬಂದ ಮಾತ್ರಕ್ಕೆ ಅದು ಪರ್ಷಿಯನ್ ಅಲ್ಲ. ಚಪ್ಪಟೆ ಮುಖ, ಗಿಡ್ಡ ಕಾಲು ಬೇರೆಯೇ ವಿಷಯ.

ಬಣ್ಣದಲ್ಲಿ ನನಗೆ ತುಂಬಾ ಇಷ್ಟವಾದದ್ದು ಕೆಂಪಿನ ಲೆಕ್ಕ. ಕೆಂಪು ಬಣ್ಣ ಬರುವುದು ಎಕ್ಸ್ ಕ್ರೋಮೋಸೋಮಿನಿಂದ. ಗಂಡು ಮರಿಗೆ ಇರುವುದು ಒಂದೇ ಎಕ್ಸ್, ಅದೂ ತಾಯಿ ಕೊಟ್ಟದ್ದು. ಹಾಗಾಗಿ ಗಂಡು ಮರಿ ಕೆಂಪೋ ಕಪ್ಪೋ ಅನ್ನುವುದರಲ್ಲಿ ಅಪ್ಪನದ್ದು ಏನೂ ಇಲ್ಲ. ತಾಯಿ ಕೆಂಪಾದರೆ ಗಂಡು ಮರಿಗಳೆಲ್ಲ ಕೆಂಪು. ತಾಯಿ ಕಪ್ಪಾದರೆ ಗಂಡು ಮರಿ ಕೆಂಪಾಗುವುದೇ ಇಲ್ಲ. ತಾಯಿಯಲ್ಲಿ ಎರಡೂ ಬಣ್ಣ ಬೆರೆತಿದ್ದರೆ ಗಂಡು ಮರಿಗಳಲ್ಲಿ ಸುಮಾರು ಅರ್ಧ ಹಾಗೆ, ಅರ್ಧ ಹೀಗೆ. ಹೆಣ್ಣು ಮರಿಗೆ ಎರಡು ಎಕ್ಸ್. ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಕಪ್ಪು ಬಂದರೆ ಮೈಯೆಲ್ಲ ಎರಡು ಬಣ್ಣದ ತೇಪೆ. ಜೊತೆಗೆ ಬಿಳಿಯೂ ಸೇರಿದರೆ ಮೂರು ಬಣ್ಣದ ಬೆಕ್ಕು. ಇಂಥವು ಗಂಡಾಗಿ ಹುಟ್ಟುವುದು ಬಹಳ ಅಪರೂಪ, ಸುಮಾರು 3000ಕ್ಕೆ ಒಂದು ಎನ್ನುತ್ತಾರೆ. ಹುಟ್ಟಿದರೂ ಹೆಚ್ಚಾಗಿ ಅದಕ್ಕೆ ಒಂದು ಎಕ್ಸ್ ಜಾಸ್ತಿ ಇರುತ್ತದೆ, ಸಾಮಾನ್ಯವಾಗಿ ಮರಿ ಹಾಕಿಸುವ ಶಕ್ತಿ ಇರುವುದಿಲ್ಲ.

ಈ ಲೆಕ್ಕ ತುಂಬಾ ಹಿಂದಿನಿಂದ ಗೊತ್ತಿದ್ದರೂ ಜೀನ್ ಯಾವುದು ಅಂತ ಸಿಕ್ಕಿರಲಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಜಪಾನಿನ ಕ್ಯೂಶು ವಿಶ್ವವಿದ್ಯಾಲಯಗಳ ತಂಡಗಳು ಬೇರೆ ಬೇರೆಯಾಗಿ ಹುಡುಕಿ 2025ರಲ್ಲಿ ಪ್ರಕಟಿಸಿದವು. ಎಆರ್‌ಎಚ್‌ಜಿಎಪಿ36 ಎಂಬ ಜೀನ್ ಬಳಿ ಸುಮಾರು 5000 ಅಕ್ಷರಗಳಷ್ಟು ಡಿಎನ್‌ಎ ತುಂಡು ಇಲ್ಲದಿರುವುದೇ ಬೆಕ್ಕಿನ ಕೆಂಪು ಬಣ್ಣಕ್ಕೆ ಕಾರಣವಂತೆ. ಓದಿ ಎಷ್ಟು ಖುಷಿಯಾಯಿತು ಗೊತ್ತಾ!

ಇದೇ ಲೆಕ್ಕದಿಂದ ಅಪ್ಪ ಯಾರು ಅಂತಲೂ ಹಿಡಿಯಬಹುದು. ನಮ್ಮ ಕರಿ ಬೆಕ್ಕು ಒಂದು ಸಲ ಮರಿ ಹಾಕಿದಾಗ, ಕೂಲಿಯವರ ಲೈನ್ ಮನೆ ಹತ್ತಿರ ತಿರುಗುವ ಬೂದಿ ಬಣ್ಣದ ಗಂಡೇ ಅಪ್ಪ ಅಂತ ತೋಟದ ಲೆಕ್ಕ ಬರೆಯುವ ರೈಟರು ಖಂಡಿತವಾಗಿ ಹೇಳಿದರು. ಒಂದು ಗಂಡು ಮರಿ ಬೂದಿ ಬಣ್ಣದ್ದೂ ಇತ್ತು. ಆದರೆ ಕಪ್ಪಗೆ ಕಾಣುತ್ತಿದ್ದ ಹೆಣ್ಣು ಮರಿಯ ಗಲ್ಲದ ಕೆಳಗೆ ಕೆಂಪು ಕೂದಲಿನ ಸಣ್ಣ ಗುರುತು ಸಿಕ್ಕಿತು. ಹಿಂಗಾಲಿನ ಒಂದು ಬೆರಳೂ ಕೆಂಪು. ಕರಿ ತಾಯಿಗೆ ಅದು ಹುಟ್ಟಬೇಕಾದರೆ ಅಪ್ಪ ಕೆಂಪೇ ಆಗಿರಬೇಕು. "ಆ ಹೆಣ್ಣು ಮರಿ ಬೂದಿಯದ್ದಲ್ಲ, ರೈಟರೇ" ಅಂದೆ. ಒಂದೇ ಹೆರಿಗೆಯ ಮರಿಗಳಿಗೆ ಬೇರೆ ಬೇರೆ ಅಪ್ಪ ಇರಬಹುದು, ಬೆಕ್ಕುಗಳಲ್ಲಿ ಅದು ಸಾಮಾನ್ಯ. ಅಥವಾ ಒಬ್ಬನೇ ಕೆಂಪು ಗಂಡು ಬೂದಿಯ ಗುಣವನ್ನೂ ಒಳಗೆ ಇಟ್ಟುಕೊಂಡು ಎರಡನ್ನೂ ಕೊಟ್ಟಿರಬಹುದು. ಬೂದಿ ಅಂದರೆ ತೆಳುವಾದ ಕಪ್ಪು ಅಷ್ಟೇ, ಅದಕ್ಕೂ ತಂದೆ ತಾಯಿ ಎರಡೂ ಕಡೆಯಿಂದ ಬರಬೇಕು. ಕೆಂಪು ಹೀಗೆ ತೆಳುವಾದರೆ ಕೆನೆ ಬಣ್ಣ.

ತೇಪೆಗಳು ಎಲ್ಲೆಲ್ಲಿ ಬೀಳುತ್ತವೆ ಅಂತ ಮಾತ್ರ ಮೊದಲೇ ಹೇಳಲು ಆಗುವುದೇ ಇಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ 2001ರ ಡಿಸೆಂಬರ್‌ನಲ್ಲಿ ಮೂರು ಬಣ್ಣದ ಬೆಕ್ಕೊಂದರಿಂದ ಪ್ರಪಂಚದ ಮೊದಲ ತದ್ರೂಪಿ ಬೆಕ್ಕನ್ನು ಹುಟ್ಟಿಸಿದರು. ಜೀನ್ ಎಲ್ಲ ಅದರದ್ದೇ. ಆದರೂ ಮರಿಯಲ್ಲಿ ಕೆಂಪು ಬಣ್ಣದ ಸುಳಿವೇ ಇರಲಿಲ್ಲ!

ಇನ್ನು ಕಪ್ಪು ಮರಿಗಳು. ಎಳೆ ಬಿಸಿಲಿನಲ್ಲಿ ಹಿಡಿದರೆ ಮಸುಕಾದ ಪಟ್ಟೆ ಕಾಣುತ್ತದೆ, ಸಾಮಾನ್ಯವಾಗಿ ದೊಡ್ಡದಾಗುತ್ತಾ ಅದು ಮಾಯವಾಗುತ್ತದೆ. ಕೆಂಪು ಬೆಕ್ಕಿನ ಪಟ್ಟೆ ಮಾತ್ರ ಹಾಗಲ್ಲ, ಜೋರಾಗಿಯೋ ಮಸುಕಾಗಿಯೋ ಇದ್ದೇ ಇರುತ್ತದೆ.

ಕಪ್ಪಿನಲ್ಲಿ ಜಾಸ್ತಿ ದಾರಿ ತಪ್ಪಿಸುವುದು ಬೆಳ್ಳಿ ಬಣ್ಣ. ಆಲ್ದೂರಿನಿಂದ ಒಬ್ಬರು ಬೆಳ್ಳಿ ಬೂದಿ ಮರಿ ತಂದು "ಇದು ಫಾರಿನ್ ಜಾತಿ ಇರಬೇಕು" ಅಂದರು. ಬೆನ್ನಿನ ಕೂದಲನ್ನು ಬೆರಳಿನಿಂದ ಬಿಡಿಸಿ ನೋಡಿದೆ. ತುದಿ ಬೆಳ್ಳಗೆ, ಬುಡ ಕಪ್ಪು. ಅಂಗಾಲೂ ಅಚ್ಚ ಕಪ್ಪು. ತಾಯಿಗೆ ಬಸುರಿನಲ್ಲಿ ಜ್ವರ ಬಂದಿತ್ತಾ ಅಂತ ಕೇಳಿದೆ. ಹೌದು, ಊಟ ಬಿಟ್ಟು ಮಲಗಿತ್ತು ಅಂದರು. ಬಸುರಿನಲ್ಲಿ ತಾಯಿಗೆ ಜೋರು ಜ್ವರ ಬಂದರೆ ಮರಿಯ ಕೂದಲಿಗೆ ಬಣ್ಣ ಸರಿಯಾಗಿ ಇಳಿಯುವುದಿಲ್ಲ. ಒಂದು ವರ್ಷದೊಳಗೆ ಮೊದಲ ಕೂದಲು ಉದುರಿ ನಿಜವಾದ ಬಣ್ಣ ಬರುತ್ತದೆ. ಆ ಮರಿಯೂ ಕರಿ ಬೆಕ್ಕೇ ಆಯಿತು. ಬುಡ ಬಿಳಿ, ತುದಿ ಕಪ್ಪು ಇದ್ದಿದ್ದರೆ ಕಥೆ ಬೇರೆ. ಅದು ಹೋಗುವ ಬಣ್ಣವಲ್ಲ.

ಬಿಳಿಯ ವಿಷಯ ಸುಲಭ. ಬಿಳಿ ತೇಪೆ ಹುಟ್ಟಿದಾಗ ಎಲ್ಲಿದೆಯೋ ಕೊನೆಯವರೆಗೂ ಅಲ್ಲೇ. ಪೂರ್ತಿ ಬಿಳಿ ಮರಿಯ ನೆತ್ತಿಯಲ್ಲಿ ಬಣ್ಣದ ಸಣ್ಣ ಮಚ್ಚೆ ಇದ್ದರೆ ಅದು ಸಾಮಾನ್ಯವಾಗಿ ವರ್ಷದೊಳಗೆ ಅಳಿಯುತ್ತದೆ. ಮರಿಗಣ್ಣಿನ ನೀಲಿಯನ್ನು ನೋಡಿ ಮರುಳಾಗಬೇಡಿ, ಆರೇಳು ವಾರಕ್ಕೆ ಬದಲಾಗತೊಡಗುತ್ತದೆ.

ನಮ್ಮ ಊರಿನ ಚಳಿ ಲೆಕ್ಕಕ್ಕೆ ಬರುವುದು ಸಯಾಮೀಸ್ ಬಣ್ಣದವುಗಳಲ್ಲಿ. ಅವು ಹುಟ್ಟುವಾಗ ಹೆಚ್ಚುಕಡಿಮೆ ಬಿಳಿ. ಅವುಗಳ ಬಣ್ಣ ತಯಾರಾಗುವುದು ಮೈ ತಂಪಿದ್ದ ಕಡೆ ಮಾತ್ರ. ಅದಕ್ಕೇ ಕಿವಿ, ಮೂತಿ, ಕಾಲು, ಬಾಲ ಕಪ್ಪಾಗುತ್ತವೆ, ಹೊಟ್ಟೆ ತಿಳಿಯಾಗೇ ಉಳಿಯುತ್ತದೆ. ಅಕ್ಕ ತಂಗಿ ಮರಿಗಳಲ್ಲಿ ಒಂದು ಮಂಗಳೂರಿಗೆ ಹೋಯಿತು, ಒಂದು ನಮ್ಮಲ್ಲೇ ಉಳಿಯಿತು. ಮಂಗಳೂರಿನದು ಈಗಲೂ ಕೆನೆ ಬಣ್ಣ, ನಮ್ಮದರ ಬೆನ್ನು ಕಂದು. ಆಪರೇಷನ್‌ಗೆ ಪಕ್ಕೆಯ ಕೂದಲು ಬೋಳಿಸಿದ ಜಾಗದಲ್ಲಂತೂ ಹೊಸ ಕೂದಲು ಚೌಕಾಕಾರವಾಗಿ ಇನ್ನೂ ಕಪ್ಪಗೆ ಬಂತು. ಗಾಬರಿಯಾಗಬೇಕಿಲ್ಲ. ಮುಂದಿನ ಸಲ ಕೂದಲು ಉದುರಿ ಬಂದಾಗ ಸರಿಹೋಗುತ್ತದೆ.

ಕೂದಲಿನ ಉದ್ದವನ್ನು ನಾನು ಇಷ್ಟು ಒತ್ತಿ ನೋಡುವುದು ಚೆಂದಕ್ಕಲ್ಲ. ಮಲೆನಾಡಿನ ಮಳೆಗಾಲದಲ್ಲಿ ಉದ್ದ ಕೂದಲಿನ ಬೆಕ್ಕು ತೋಟ ಸುತ್ತಿ ಬಂದರೆ ಹೊಟ್ಟೆ ಅಡಿ ಒದ್ದೆ, ಬಗಲಲ್ಲಿ ಗಂಟು, ಒಳಗೆ ಇಂಬಳ ಕಚ್ಚಿದ್ದರೂ ಕಾಣುವುದಿಲ್ಲ. ದಿನಾ ಬಾಚುವವರು ಇರುವ ಮನೆಗೇ ಅಂಥ ಮರಿಯನ್ನು ಕೊಡುತ್ತೇನೆ. ಗೋಡೌನು ಕಾಯಲು ಕೇಳುವವರಿಗೆ ಗಿಡ್ಡ ಕೂದಲಿನದು. ಪೂರ್ತಿ ಕೂದಲು ತುಂಬಲು ಉದ್ದ ಕೂದಲಿನ ಬೆಕ್ಕಿಗೆ ಒಂದೂವರೆ, ಎರಡು ವರ್ಷ ಬೇಕು ಅಂತಲೂ ಮೊದಲೇ ಹೇಳಿರುತ್ತೇನೆ. ಆರು ತಿಂಗಳಿಗೆ ಬಡಕಲಾಗಿ ಕಂಡರೆ ಬೇಜಾರಾಗಬೇಡಿ, ಅಂಗಾಲಿನ ಕುಚ್ಚು ಹಾಗೇ ಇದೆಯಾ ಅಂತ ಮಾತ್ರ ನೋಡಿ ಫೋನ್ ಮಾಡಿ ಅನ್ನುತ್ತೇನೆ.