ಕಟ್ಟಿನಕೆರೆ ಮಾರ್ಕೆಟ್ ಬರೆದದ್ದು ಹೀಗೆ

ಹಾಸನದ ಕಟ್ಟಿನಕೆರೆ ಮಾರ್ಕೆಟ್‌ನ ಚಿತ್ರ ಬರೆಯಲು ಹೊರಟಾಗ ಒಂದು ಮಾತು ಗಟ್ಟಿ ಮಾಡಿಕೊಂಡಿದ್ದೆ. ಯಾರನ್ನೂ ಪೋಸ್ ಕೊಡಿ ಅಂತ ಕೇಳಬಾರದು. ಕ್ಯಾಮೆರಾ ಕಂಡರೆ ಜನ ಸೆರಗು ಸರಿ ಮಾಡಿಕೊಂಡು ನಗುತ್ತಾರೆ, ಕೆಲಸ ನಿಂತುಹೋಗುತ್ತದೆ. ನನಗೆ ಬೇಕಿದ್ದದ್ದು ಆ ಕೆಲಸವೇ ಅಲ್ವಾ? ಹಾಗಾಗಿ ಬೆಳಿಗ್ಗೆ ಹೊತ್ತು ಒಂದು ಮೂಲೆ ಹಿಡಿದು ಪೆನ್ಸಿಲ್ ಸ್ಕೆಚ್ ಮಾಡಿಕೊಂಡೆ. ಮೂಟೆ ಹೊತ್ತವರ ಕುತ್ತಿಗೆ ಎಷ್ಟು ಬಾಗುತ್ತದೆ, ಚೀಲಕ್ಕೆ ಸುರಿಯುವಾಗ ಮೊಣಕೈ ಎಲ್ಲಿರುತ್ತದೆ, ಇಂಥವೇ.

ಫ್ರೆಂಚ್ ಚಿತ್ರಕಾರ ಗುಸ್ತಾವ್ ಕೂರ್ಬೆ 1849ರಲ್ಲಿ ಕಲ್ಲು ಒಡೆಯುವ ಇಬ್ಬರನ್ನು, ಹರಿದ ಬಟ್ಟೆ ಸಮೇತ, ಎರಡೂವರೆ ಮೀಟರ್ ಅಗಲದ ಕ್ಯಾನ್ವಾಸ್‌ನಲ್ಲಿ ಬರೆದ. ದೊಡ್ಡವರಿಗೆ ಮೀಸಲಾಗಿದ್ದ ಅಳತೆಯನ್ನು ಕೂಲಿಯವರಿಗೆ ಕೊಟ್ಟ. ಅದನ್ನು ನೆನೆದೇ ಆಲೂಗಡ್ಡೆ ಮಾರುವ ಅಮ್ಮನನ್ನು ನಟ್ಟನಡುವೆ, ಅರ್ಧ ಕ್ಯಾನ್ವಾಸ್ ತುಂಬುವಷ್ಟು ದೊಡ್ಡದಾಗಿ ಕೂರಿಸಿದೆ.

ಜಾಸ್ತಿ ಹೊತ್ತು ಹಿಡಿದದ್ದು ಬೆಳಕು. ತಲೆ ಮೇಲೆ ನೀಲಿ ಟಾರ್ಪಾಲ್. ಅದರಡಿ ಯಾವ ಬಣ್ಣವೂ ತನ್ನ ಬಣ್ಣದಲ್ಲಿ ಉಳಿಯುವುದಿಲ್ಲ. ಆಲೂಗಡ್ಡೆಗೆ ಮೆತ್ತಿದ ಕೆಂಪು ಮಣ್ಣು ನೇರಳೆ ಕಡೆಗೆ ವಾಲುತ್ತದೆ. ಅದಕ್ಕೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು, ಅಲ್ಟ್ರಾಮರೀನ್ ಅನ್ನುವ ಗಾಢ ನೀಲಿ, ಚೂರು ಬಿಳಿ ಕಲಸಿದೆ. ಅಮ್ಮನ ಹಣೆ, ಹೆಗಲ ಮೇಲೆ ತಣ್ಣನೆಯ ನೀಲಿ ಬೀಳುತ್ತದೆ. ಗಲ್ಲದ ಕೆಳಗೆ ಮಾತ್ರ ಪಕ್ಕದ ಟೊಮೆಟೊ ರಾಶಿಯ ಕೆಂಪು ಹೊಡೆಯುತ್ತದೆ. ಆ ಕೆಂಪು ಹಾಕಿದ ಮೇಲೇ ಮುಖಕ್ಕೆ ಜೀವ ಬಂತು. ಟ್ಯೂಬಿನ ಕಪ್ಪನ್ನು ನೆರಳಿಗೂ ಮುಟ್ಟಲಿಲ್ಲ.

ಎಣ್ಣೆ ಬಣ್ಣ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೇ ಅಡಿಪದರವನ್ನು ಬೇಗ ಒಣಗುವ ಅಂಬರ್ ಅನ್ನುವ ಕಂದು ಬಣ್ಣದಲ್ಲಿ, ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಿದೆ. ಮೇಲೆ ಹೋದ ಹಾಗೆ ಅಗಸೆ ಎಣ್ಣೆ ಹೆಚ್ಚಿಸಿದೆ. ಇದು ತಲೆಕೆಳಗಾದರೆ ಮುಂದೆ ಬಣ್ಣ ಬಿರುಕು ಬಿಡುತ್ತದೆ.

ಪ್ಲಾಸ್ಟಿಕ್ ಕವರು, ಕ್ಯೂಆರ್ ಕೋಡ್ ಬೋರ್ಡು ತೆಗೆದುಬಿಡಿ, ಹಳೇ ಸಂತೆ ಥರ ಚೆನ್ನಾಗಿ ಕಾಣುತ್ತೆ ಅಂದರು ಕೆಲವರು. ನಾನು ಒಪ್ಪಲಿಲ್ಲ. ಆ ಅಮ್ಮನ ಇವತ್ತಿನ ದುಡಿಮೆ ಅದರಲ್ಲೇ ಇದೆ. ಸುಮ್ನೆ ಚಂದ ಮಾಡೋಕೆ ಅದನ್ನು ಅಳಿಸೋದು ಅವರಿಗೆ ಮಾಡುವ ಅನ್ಯಾಯ. ಕೋಡ್‌ನ ಚೌಕಗಳನ್ನು ಒಂದೊಂದಾಗಿ ಬರೆಯಲಿಲ್ಲ. ಬೂದು ಬಣ್ಣದ ಒಂದು ಪಟ್ಟೆ, ಅದರ ಮೇಲೆ ಚಪ್ಪಟೆ ಬ್ರಷ್‌ನ ಅಂಚಿನಿಂದ ನಾಲ್ಕಾರು ಗಾಢ ಗುರುತು, ಅಷ್ಟೇ. ಎರಡು ಹೆಜ್ಜೆ ಹಿಂದೆ ನಿಂತರೆ ಅದು ಕ್ಯೂಆರ್ ಕೋಡೇ.