ಭತ್ತ ಬರುವ ಮೊದಲೇ ಡ್ರೈಯರ್ ಓಡಬೇಕೇ? ಮೀಸಲು ದಿನಗಳನ್ನು ಒಂದೆಡೆ ಇಡಿ

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಅಕ್ಕಿ ಗಿರಣಿಗಳಿಗೆ ಗಡುವು ಕೊಡುವುದು ಗದ್ದೆ. ತುಂಗಭದ್ರಾ ಎಡದಂಡೆ ಕಾಲುವೆಯ ಮುಂಗಾರು ಭತ್ತ ನವೆಂಬರ್ ಹೊತ್ತಿಗೆ ಬರತೊಡಗುತ್ತದೆ. ಹೊಸ ಡ್ರೈಯರ್ (ಭತ್ತ ಒಣಗಿಸುವ ಯಂತ್ರ) ಕೂರಿಸುವವರು ಅಷ್ಟರೊಳಗೆ ಮುಗಿಸಲೇಬೇಕು.

ಇಂಥ ಕೆಲಸದಲ್ಲಿ ಮೇಸ್ತ್ರಿ, ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಎಲ್ಲರೂ ನಾಲ್ಕು ದಿನ ಹೆಚ್ಚಿಗೆ ಸೇರಿಸಿಯೇ ಹೇಳುತ್ತಾರೆ. ತಡವಾದರೆ ಮಾತು ಕೇಳಬೇಕಾದವರು ಅವರೇ ಅಲ್ಲವೇ? ಆದರೆ ಹೀಗೆ ಬಚ್ಚಿಟ್ಟ ದಿನಗಳು ಯಾರಿಗೂ ದಕ್ಕುವುದಿಲ್ಲ. ಇನ್ನೂ ಸಮಯವಿದೆ ಎಂದು ಕೆಲಸ ತಡವಾಗಿ ಶುರುವಾಗುತ್ತದೆ. ಬೇಗ ಮುಗಿದರೂ ಯಾರೂ ಬಾಯಿ ಬಿಡುವುದಿಲ್ಲ. ಕೊಟ್ಟಷ್ಟು ಸಮಯವನ್ನೂ ಕೆಲಸ ನುಂಗುತ್ತದೆ ಎಂದು ಬ್ರಿಟಿಷ್ ಲೇಖಕ ಪಾರ್ಕಿನ್ಸನ್ 1955ರಲ್ಲೇ ಬರೆದಿದ್ದರು. ನಿರ್ವಹಣಾ ಚಿಂತಕ ಎಲಿಯಾಹು ಗೋಲ್ಡ್‌ರಾಟ್ 1997ರಲ್ಲಿ ಮುಂದಿಟ್ಟ, ಕೆಲಸದ ವೇಳಾಪಟ್ಟಿ ಹಾಕುವ ‘ಕ್ರಿಟಿಕಲ್ ಚೈನ್’ ವಿಧಾನದಲ್ಲಿ ಇದಕ್ಕೊಂದು ಉಪಾಯವಿದೆ: ಪ್ರತಿಯೊಬ್ಬರೂ ಬಚ್ಚಿಟ್ಟ ಬಿಡಿ ಮೀಸಲು ದಿನಗಳನ್ನು ತೆಗೆದು, ಎಲ್ಲರಿಗೂ ಸೇರಿದ ಒಂದೇ ಮೀಸಲನ್ನು ಕೊನೆಯಲ್ಲಿ ಇಡುವುದು.

ಎರಡು ಲೆಕ್ಕ ಕೇಳಿ. “ಮೇಸ್ತ್ರಿಯವರೇ, ಎಲ್ಲ ಸಲೀಸಾಗಿ ನಡೆದರೆ ಎಷ್ಟು ದಿನ? ಖಾತ್ರಿಯಾಗಿ ಹೇಳುವುದಾದರೆ ಎಷ್ಟು?” ಉದಾಹರಣೆಗೆ, ಅಡಿಪಾಯಕ್ಕೆ 8 ಮತ್ತು 12, ಜೋಡಣೆಗೆ 6 ಮತ್ತು 10, ವೆಲ್ಡಿಂಗ್‌ಗೆ 8 ಮತ್ತು 12, ವೈರಿಂಗ್‌ಗೆ 6 ಮತ್ತು 10 ಎಂದುಕೊಳ್ಳಿ. ಪಟ್ಟಿಗೆ ಸಣ್ಣ ಸಂಖ್ಯೆಗಳನ್ನೇ ಹಾಕಿ: ಒಟ್ಟು 28 ದಿನ.

ಮೀಸಲು ಕಟ್ಟಿ. ಪ್ರತಿ ಕೆಲಸದ ವ್ಯತ್ಯಾಸ 4 ದಿನ. ಅವನ್ನು ಕೂಡಿದರೆ 16. ಆದರೆ ನಾಲ್ವರಿಗೂ ಒಟ್ಟಿಗೇ ತಡವಾಗುವುದು ಅಪರೂಪ. ಹಾಗಾಗಿ ವ್ಯತ್ಯಾಸಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಿರಿ: 64ರ ವರ್ಗಮೂಲ 8. ಹೀಗೆ 44 (28+16) ದಿನದ ಕೆಲಸ 36ಕ್ಕೆ (28+8) ಇಳಿಯಿತು. ಮಳೆ ಮಾತ್ರ ಎಲ್ಲರ ಕೆಲಸವನ್ನೂ ಒಮ್ಮೆಗೇ ನಿಲ್ಲಿಸುತ್ತದೆ. ಸೆಪ್ಟೆಂಬರ್ ನಮ್ಮ ಕಡೆ ಜೋರು ಮಳೆಯ ತಿಂಗಳು. ಆಗ ಕೆಲಸವಿದ್ದರೆ ಇನ್ನೆರಡು ಮೂರು ದಿನ ಸೇರಿಸಿ.

ಕಾಂಕ್ರೀಟಿನ ಕ್ಯೂರಿಂಗ್‌ಗೆ ಈ ಲೆಕ್ಕ ಹೊಂದುವುದಿಲ್ಲ. ಕನಿಷ್ಠ 7 ದಿನ ನೀರುಣಿಸಲೇಬೇಕು. ಭಾರವಾದ ಯಂತ್ರವನ್ನು ಯಾವಾಗ ಹೇರಬಹುದೆಂದು ಎಂಜಿನಿಯರ್ ಹೇಳಲಿ. ಆ ದಿನಗಳನ್ನು ಪ್ರತ್ಯೇಕವಾಗಿ ಬರೆಯಿರಿ, ಒಂದನ್ನೂ ಕಡಿಯಬೇಡಿ. ವಿದ್ಯುತ್ ಕಂಪನಿ ಜೆಸ್ಕಾಂನ ಹೆಚ್ಚುವರಿ ಲೋಡ್ ಮಂಜೂರಾತಿಯಂತೆ ಪಕ್ಕದಲ್ಲಿ ಸಾಗುವ ಕೆಲಸಗಳಿಗೆ, ಅವು ಮುಖ್ಯ ಕೆಲಸವನ್ನು ಸೇರುವ ಹಂತದಲ್ಲಿ ಬೇರೆ ಸಣ್ಣ ಮೀಸಲಿರಲಿ.

ತಡವಾದವರನ್ನು ಬೈಯಬೇಡಿ. ಇಡೀ ವಿಧಾನ ನಿಂತಿರುವುದು ಇದರ ಮೇಲೆ. 6 ದಿನ ಎಂದ ಫಿಟ್ಟರ್ 8 ದಿನ ತೆಗೆದುಕೊಂಡರೆ ಅದು ಮಾತು ತಪ್ಪಿದ್ದಲ್ಲ. ಸಣ್ಣ ಸಂಖ್ಯೆ ಹಲವು ಸಲ ಮೀರುತ್ತದೆ ಎಂದು ಗೊತ್ತಿದ್ದೇ ಮೀಸಲು ಇಟ್ಟಿದ್ದೇವೆ. ಒಮ್ಮೆ ಎಲ್ಲರೆದುರು ಗದರಿಸಿದರೆ ಸಾಕು, ಮುಂದಿನ ಸಲ ಆತ 6ರ ಬದಲು 12 ಎನ್ನುತ್ತಾನೆ. ಬೇಗ ಮುಗಿಸಿದವರ ದಿನಗಳನ್ನು ಮುಂದಿನ ಕೆಲಸದಲ್ಲಿ ಕಡಿಯುವುದೂ ಅಷ್ಟೇ ಕೆಟ್ಟದ್ದು. ಕೂಲಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ದಿನಗೂಲಿಯವರು ಎರಡು ದಿನ ಮೊದಲೇ ಮುಗಿಸಿದರೆ ಎರಡು ದಿನದ ಸಂಬಳ ಕಳೆದುಕೊಳ್ಳುತ್ತಾರೆ. ಒಪ್ಪಿದ ದಿನಗಳ ಕೂಲಿಯನ್ನು ಪೂರ್ತಿ ಕೊಡಿ. ಹೊಟ್ಟೆಗೆ ಹೊಡೆದು ಹುರುಪು ಕೇಳುವುದು ನ್ಯಾಯವಲ್ಲ.

ಗೋಡೆಗೆ ಪಟ್ಟಿ ಬರೆಯಿರಿ. ಗಿರಣಿಯ ತೂಕದ ಕೋಣೆಯ ಹೊರಗೆ ಎಂಟು ಚೌಕಗಳನ್ನು ಬರೆದು, ಕರಗಿದ ಮೀಸಲು ದಿನಗಳಿಗೆ ಗೆರೆ ಹಾಕುತ್ತಾ ಬನ್ನಿ. ಅರ್ಧ ಕೆಲಸಕ್ಕೆ ನಾಲ್ಕು ಚೌಕ ಹೋಗಿದ್ದರೆ ಗಾಬರಿ ಬೇಡ. ಕಾಲು ಭಾಗಕ್ಕೇ ಆರು ಹೋಗಿದ್ದರೆ ಅಂದೇ ಎಲ್ಲರನ್ನೂ ಕೂರಿಸಿ, ಎಲ್ಲಿ ಅಡ್ಡಿಯಾಗಿದೆ ಎಂದು ಕೇಳಿ: ಕೊರತೆ ಸಾಮಾನಿನದೋ, ಕೈಯಾಳಿನದೋ?

ಒಬ್ಬರು ಮುಗಿಸುವ ಮೂರು ದಿನ ಮೊದಲೇ ಮುಂದಿನವರಿಗೆ ಫೋನ್ ಹೋಗಲಿ. ಇಲ್ಲದಿದ್ದರೆ ಬೇಗ ಮುಗಿಸಿಯೂ ಪ್ರಯೋಜನವಿಲ್ಲ.

ಮೀಸಲು ಉಳಿದರೆ ಅದರೊಳಗೆ ಹೊಸ ಕೆಲಸ ತುರುಕಬೇಡಿ. ಸ್ವಲ್ಪ ಭತ್ತ ಹಾಕಿ ಡ್ರೈಯರ್ ಓಡಿಸಿ. ಬೆಲ್ಟಿನ ಬಿಗಿ, ಬೇರಿಂಗಿನ ಸದ್ದು, ಬಿಸಿಗಾಳಿಯ ತಾಪ ನೋಡಿಕೊಳ್ಳಿ. ಜೋಡಿಸಿದ ಫಿಟ್ಟರ್ ಇನ್ನೂ ಸ್ಥಳದಲ್ಲಿರುವಾಗಲೇ ಈ ಪರೀಕ್ಷೆ ಮುಗಿಯಲಿ.