ನಡುಗುವ ಕೈಯಿಂದಲೇ ಗೆರೆ: ನನ್ನ ಅನುಭವ

ಕೈ ನಡುಗುತ್ತದೆಂದು ಚಿತ್ರ ಬರೆಯುವುದನ್ನೇ ಬಿಟ್ಟವರಿದ್ದಾರೆ. ನಡುಕ ನಿಲ್ಲಲೆಂದು ಪೆನ್ನನ್ನು ಬಿಗಿಯಾಗಿ ಹಿಡಿದಷ್ಟೂ ಸ್ನಾಯು ದಣಿದು ಅದು ಇನ್ನೂ ಜಾಸ್ತಿಯಾಗುತ್ತದೆ. ಹಾಗಾಗಿ ನಾನು ತಡೆಯಲು ಹೋಗುವುದಿಲ್ಲ, ಅಳೆದು ನೋಡುತ್ತೇನೆ.

ಒಂದು ಎ4 ಹಾಳೆಯಲ್ಲಿ 16 ಸೆಂ.ಮೀ. ಉದ್ದದ ಮೂರು ಗೆರೆ ಎಳೆಯಿರಿ: ಒಂದು 2 ಸೆಕೆಂಡಿನಲ್ಲಿ, ಇನ್ನೊಂದು 8ರಲ್ಲಿ, ಮತ್ತೊಂದು 16ರಲ್ಲಿ. ಪಕ್ಕದಲ್ಲಿ ಸಮಯ ಬರೆದಿಡಿ. ಕೈನಡುಕ ಸಾಮಾನ್ಯವಾಗಿ ಸೆಕೆಂಡಿಗೆ 4ರಿಂದ 12 ಸಲ ಇರುತ್ತದೆ. ಒಬ್ಬೊಬ್ಬರದು ಹೆಚ್ಚುಕಡಿಮೆ ಒಂದೇ ಲಯದಲ್ಲಿ ನಡೆಯುತ್ತದೆ. ನಿಮ್ಮದು 8 ಎಂದುಕೊಂಡರೆ ವೇಗದ ಗೆರೆಯಲ್ಲಿ 1 ಸೆಂ.ಮೀ.ಗೊಂದು ಅಲೆ ಬೀಳುತ್ತದೆ, ನಡುವಿನದರಲ್ಲಿ 2.5 ಮಿ.ಮೀ.ಗೊಂದು, ನಿಧಾನದ್ದರಲ್ಲಿ 1.25 ಮಿ.ಮೀ.ಗೊಂದು. ಅಂದರೆ ಅಲೆ ಎಷ್ಟು ಒತ್ತಾಗಿರಬೇಕೆಂಬುದು ನಿಮ್ಮ ವೇಗದ ಮೇಲಿದೆ. ನನ್ನ ಇಡೀ ಕೆಲಸ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಅಲೆಯ ಎತ್ತರವನ್ನು ಹಿಡಿತಕ್ಕೆ ತರುವುದು ಕೈಯ ಆಸರೆ. ಅಂಗೈಯ ಅಂಚು ಹಾಳೆಗೆ ಊರಿದ್ದರೆ ಅಲೆ ಚಿಕ್ಕದು. ಮೊಣಕೈ ಮಾತ್ರ ಮೇಜಿನ ಮೇಲಿದ್ದರೆ ಮಧ್ಯಮ. ತೋಳು ಪೂರ್ತಿ ಗಾಳಿಯಲ್ಲಿದ್ದರೆ ದೊಡ್ಡದು. ಮೇಲಿನ ಮೂರು ಗೆರೆಗಳನ್ನು ಈ ಮೂರು ಭಂಗಿಯಲ್ಲೂ ಎಳೆದರೆ ಒಂಬತ್ತು ಬಗೆಯ ಗೆರೆ ಸಿಗುತ್ತವೆ. ಮರದ ತೊಗಟೆ, ಉಣ್ಣೆ, ಸುಕ್ಕುಗಟ್ಟಿದ ಚರ್ಮಕ್ಕೆ ಅಂಗೈ ಊರಿ ನಿಧಾನವಾಗಿ ಎಳೆದ ಒತ್ತು ಅಲೆ. ನೀರಿಗೆ, ಹೊಗೆಗೆ, ಗಾಳಿಗೆ ಬಾಗಿದ ಹುಲ್ಲಿಗೆ ತೋಳೆತ್ತಿ ವೇಗವಾಗಿ ಎಳೆದದ್ದು. ಗಟ್ಟಿ ಕೈಯವರು ತೊಗಟೆಯನ್ನು ಒಂದೊಂದೇ ಗೀರು ಹಾಕಿ ಕಟ್ಟಬೇಕು. ಇಲ್ಲಿ ಅದು ತಾನಾಗಿ ಬರುತ್ತದೆ.

ಪೆನ್ನು 0.5 ಮಿ.ಮೀ. ಅಥವಾ ಅದಕ್ಕಿಂತ ದಪ್ಪ ಇರಲಿ. 0.1ರ ಮೊನೆ ಅಲೆಯ ತಿರುವಿನಲ್ಲಿ ಕಾಗದದ ನಾರಿಗೆ ಸಿಕ್ಕಿ ಬಾಗುತ್ತದೆ. ನಿಧಾನ ಗೆರೆಯಲ್ಲಿ ಶಾಯಿ ಹೆಚ್ಚು ಹೊತ್ತು ಒಂದೇ ಕಡೆ ಇಳಿಯುವುದರಿಂದ ತೆಳು ಹಾಳೆಯಲ್ಲಿ ಹರಡಿ ಅಲೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನುಣುಪಾದ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ಹಾಳೆ ಸಾಕು. ಅಲೆ 1 ಮಿ.ಮೀ. ಎತ್ತರವಿದ್ದಾಗ 1 ಸೆಂ.ಮೀ. ಕಣ್ಣು ಬರೆದರೆ ಆಕಾರವೇ ಕೆಡುತ್ತದೆ. ಆಗ ಎ3ಗೆ ಹೋಗಿ ಮುಖವನ್ನೇ ದೊಡ್ಡದು ಮಾಡಿ.

ಎಲ್ಲಕ್ಕಿಂತ ಹೆಚ್ಚು ಚಿತ್ರ ಕೆಡಿಸುವುದು ತಿದ್ದುವ ಚಟ. ಅಲುಗಿದ ಗೆರೆಯ ಮೇಲೆ ಇನ್ನೊಂದು ಎಳೆದರೆ ಎರಡೂ ಸೇರಿ ಅಳುಕಿನಂತೆ ಕಾಣುತ್ತವೆ. ಒಂದೇ ಆಗಿದ್ದರೆ ನೋಡುವವರು ಅದನ್ನು ಶೈಲಿ ಎಂದೇ ಓದುತ್ತಾರೆ. ಸ್ಕೇಲಿನ ಗೆರೆಯನ್ನು ಚಿತ್ರದೊಳಗೆ ಬೆರೆಸಬೇಡಿ, ಪಕ್ಕದ ಅಲೆ ತಪ್ಪಿನಂತೆ ಎದ್ದು ಕಾಣುತ್ತದೆ. ಕೈ ಶಾಂತವಾಗಿರುವ ದಿನ ಬೇಕೆಂದೇ ನಡುಗಿಸುವುದೂ ಬೇಡ: ಬೇಕೆಂದು ಮಾಡಿದ ಅಲೆಯಲ್ಲಿ ಕೃತಕವಾದ ಸಮತೆ ಬಂದುಬಿಡುತ್ತದೆ.

ಸಣ್ಣ ಅಕ್ಷರ ಬರೆಯುವುದಕ್ಕೆ ಈ ವಿಧಾನ ಆಗುವುದಿಲ್ಲ. ಅಲ್ಲಿ ಉಪಕರಣವನ್ನೇ ಬದಲಿಸುವುದು ಮೇಲು. 1941ರ ಶಸ್ತ್ರಚಿಕಿತ್ಸೆಯ ನಂತರ ನಿಂತು ಚಿತ್ರಿಸುವುದು ಕಷ್ಟವಾದಾಗ ಫ್ರೆಂಚ್ ಚಿತ್ರಕಾರ ಆನ್ರಿ ಮಾಟಿಸ್ ಬಣ್ಣ ಬಳಿದ ಕಾಗದವನ್ನು ಕತ್ತರಿಯಲ್ಲಿ ಕತ್ತರಿಸಿ ಕೃತಿ ರಚಿಸಿದರು. ಅಕ್ಷರ ಬೇಕಾದಲ್ಲಿ ನಾನೂ ಕಾಗದ ಕತ್ತರಿಸಿ ಅಂಟಿಸುತ್ತೇನೆ.

ನಡುಕ ಹೊಸದಾಗಿ ಶುರುವಾಗಿದ್ದರೆ ಅಥವಾ ಹೆಚ್ಚುತ್ತಿದ್ದರೆ ಮೊದಲು ವೈದ್ಯರನ್ನು ಕಾಣಿ. ಥೈರಾಯ್ಡ್ ಹೆಚ್ಚಾದಾಗಲೂ, ಉಬ್ಬಸದ ಕೆಲವು ಔಷಧಿಗಳಿಂದಲೂ ಕೈ ನಡುಗುತ್ತದೆ. ಮೂರು ಗೆರೆ ಎಳೆದ ಹಾಳೆಗೆ ದಿನಾಂಕ ಹಾಕಿಟ್ಟಿದ್ದರೆ ಅದನ್ನೂ ಅವರಿಗೆ ತೋರಿಸಿ.